ಪ್ರಶ್ನಶಾಸ್ತ್ರದಲ್ಲಿ ಉದ್ಯೋಗವಿಚಾರ

ಜ್ಯೋತಿಶ್ಶಾಸ್ತ್ರವನ್ನು ಗಣಿತ, ಹೋರಾ, ಸಂಹಿತೆ ಎಂದು ಮೂರು ಸ್ಕಂಧಗಳಾಗಿ ವಿಭಾಗಿಸುವುದು ಪ್ರಾಚೀನರ ಸಂಪ್ರದಾಯ. ಕೇರಳದ ‘ಪ್ರಶ್ನಮಾರ್ಗ’ವು ಜಾತಕ, ಗೋಳ, ನಿಮಿತ್ತ, ಪ್ರಶ್ನ, ಮುಹೂರ್ತ, ಗಣಿತ ಎಂಬ ಆರು ಅಂಗಗಳನ್ನು ಎಣಿಸಿ, ಪ್ರಶ್ನಕ್ಕೆ ಪ್ರತ್ಯೇಕವಾದ ಸ್ಥಾನವನ್ನು ಕೊಟ್ಟಿದೆ. ಜಾತಕಕ್ಕೆ ಜನನಕಾಲವು ಆಧಾರ; ಪ್ರಶ್ನಕ್ಕಾದರೋ ಪೃಚ್ಛಕನು ದೈವಜ್ಞನೆದುರಿಗೆ ಬಂದು ಕೇಳಿದ ಕಾಲವೇ ಆಧಾರ. ತನ್ನ ಜನ್ಮಕಾಲವನ್ನು ಅರಿಯದವನಿಗೂ ಈ ಶಾಖೆಯು ಉತ್ತರವನ್ನೀಯುವುದಾದುದರಿಂದ ಜನಸಾಮಾನ್ಯರಲ್ಲಿ ಇದಕ್ಕೆ ಹೆಚ್ಚಾದ ಬಳಕೆಯುಂಟು. ಈಗಿನ ಕಾಲದಲ್ಲಿ ದೈವಜ್ಞರ ಮುಂದೆ ಪದೇ ಪದೇ ಬರುವ ಪ್ರಶ್ನಗಳಲ್ಲಿ ‘ಉದ್ಯೋಗವು ದೊರೆಯುವುದೆ? ಯಾವಾಗ?’ ಎಂಬುದೂ ಒಂದು. ಈ ಪ್ರಶ್ನಕ್ಕೆ ಹೇಳುವ ಉತ್ತರವು ನಿಜವಾಗುವುದೆ ಎಂಬ ವಿವಾದಕ್ಕೆ ಮುಂಚೆ ವಿಚಾರಿಸಬೇಕಾದ ಇನ್ನೊಂದು ವಿಷಯವಿದೆ. ಪ್ರಮಾಣವೆಂದು ಭಾವಿಸಲ್ಪಡುವ ಗ್ರಂಥಗಳು ಇಂಥ ಪ್ರಶ್ನವನ್ನು ಬಲ್ಲವೆ? ಬಲ್ಲವಾದರೆ ಯಾವ ರೂಪದಲ್ಲಿ ಬಲ್ಲವು? ಸಾಹಿತ್ಯವಿಮರ್ಶೆಯ ದೃಷ್ಟಿಯಿಂದ ಇದೇ ಮುಖ್ಯವಾದುದು.

ಮೊದಲು ‘ಷಟ್ಪಂಚಾಶಿಕೆ’ಯನ್ನು ನೋಡಬಹುದು. ಇದು ವರಾಹಮಿಹಿರನ ಮಗನಾದ ಪೃಥುಯಶಸನದೆಂದು ಪ್ರಸಿದ್ಧವಾಗಿರುವ ೫೬ ಶ್ಲೋಕಗಳ ಕಿರುಗ್ರಂಥ. ಹತ್ತನೆಯ ಶತಮಾನದ ಭಟ್ಟೋತ್ಪಲನು ಇದಕ್ಕೆ ವ್ಯಾಖ್ಯಾನವನ್ನು ಬರೆದಿರುವನು. ಇದರ ಏಳು ಅಧ್ಯಾಯಗಳ ವಿಷಯಗಳು ಹೋರೆ, ಗಮನಾಗಮನ, ಜಯಾಪಜಯ, ಶುಭಾಶುಭ, ಪ್ರವಾಸಚಿಂತೆ, ನಷ್ಟಪ್ರಾಪ್ತಿ, ಮಿಶ್ರಕ ಎಂಬವು. ಶತ್ರುಸೇನೆಯು ಬರುವುದೆ, ದೂರ ಹೋದವನು ಬದುಕಿರುವನೆ, ಕಳೆದ ಒಡವೆ ಸಿಕ್ಕುವುದೆ ಎಂಬಿವೇ ಇಲ್ಲಿಯ ಪೃಚ್ಛಕರ ಚಿಂತೆಗಳು. ಕೆಲಸವಿಲ್ಲದವನು ಕೆಲಸವನ್ನು ಬೇಡಿ ಬರುವ ಸಂದರ್ಭಕ್ಕೆ ಇಲ್ಲಿ ಒಂದು ಅಧ್ಯಾಯವೂ ಮೀಸಲಾಗಿಲ್ಲ. ಲಗ್ನದಿಂದ ಚ್ಯುತಿಯನ್ನೂ, ಚತುರ್ಥದಿಂದ ವೃದ್ಧಿಯನ್ನೂ, ದಶಮದಿಂದ ಪ್ರವಾಸವನ್ನೂ, ಸಪ್ತಮದಿಂದ ನಿವೃತ್ತಿಯನ್ನೂ ಹೇಳಬೇಕೆಂದು ಈ ಗ್ರಂಥದ ಅಭಿಪ್ರಾಯ. ಇಂದು ಉದ್ಯೋಗಸ್ಥಾನವೆಂದು ಎಲ್ಲರೂ ಹೇಳುವ ದಶಮವು ಇಲ್ಲಿ ಪ್ರವಾಸವನ್ನು ಸೂಚಿಸುವ ಸ್ಥಾನವಾಗಿದೆಯೆಂಬುದು ಗಮನಾರ್ಹ.

ವರಾಹಮಿಹಿರನ ‘ಬೃಹಜ್ಜಾತಕ’ದಲ್ಲಿ ಕರ್ಮಾಜೀವಾಧ್ಯಾಯವೆಂಬುದೊಂದು ಉಂಟು. ಲಗ್ನ, ಚಂದ್ರ, ಸೂರ್ಯ ಇವುಗಳಿಂದ ದಶಮಾಧಿಪತಿಯು ಯಾವ ಗ್ರಹದ ನವಾಂಶದಲ್ಲಿರುವನೋ ಆ ಗ್ರಹಕ್ಕೆ ಸೇರಿದ ವೃತ್ತಿಯಿಂದ ಧನಲಾಭವೆಂದು ಅಲ್ಲಿ ಹೇಳಿದೆ. ರವಿಗೆ ಸುವರ್ಣ, ಉಣ್ಣೆ, ಔಷಧಗಳೂ, ಚಂದ್ರನಿಗೆ ಕೃಷಿ ಮತ್ತು ಜಲಜವಸ್ತುಗಳೂ, ಕುಜನಿಗೆ ಲೋಹ, ಅಗ್ನಿ, ಆಯುಧಗಳೂ, ಬುಧನಿಗೆ ಲಿಪಿ, ಗಣಿತ, ಕಾವ್ಯ, ಶಿಲ್ಪಗಳೂ, ಶನಿಗೆ ಶ್ರಮದ ಮತ್ತು ಭಾರವಾಹನದ ಕೆಲಸಗಳೂ ಹೇಳಲ್ಪಟ್ಟಿವೆ. ಆದರೆ ಇದು ಮನುಷ್ಯನ ಸ್ವಭಾವಕ್ಕೆ ಒಪ್ಪುವ ಜೀವನೋಪಾಯದ ನಿರೂಪಣೆಯೇ ಹೊರತು, ಒಂದು ನಿಯತವಾದ ಹುದ್ದೆಯು ಒಂದು ನಿಯತವಾದ ದಿನದಲ್ಲಿ ದೊರೆಯುವುದೆ ಎಂಬುದಕ್ಕೆ ಉತ್ತರವಲ್ಲ. ವೃತ್ತಿ ಬೇರೆ, ಪ್ರಾಪ್ತಿ ಬೇರೆ. ಈ ಎರಡನ್ನು ಒಂದೆಂದು ಗ್ರಹಿಸಿ ಜಾತಕದ ಮಾತನ್ನು ಪ್ರಶ್ನಕ್ಕೆ ತಂದು ಹಚ್ಚುವುದು ಆಧುನಿಕ ವ್ಯವಹಾರದ ಮೊದಲನೆಯ ದೋಷ.

ಈ ಭೇದಕ್ಕೆ ಶಬ್ದಗಳೇ ಸಾಕ್ಷಿಯಾಗಿವೆ. ಸಂಸ್ಕೃತದಲ್ಲಿ ‘ಉದ್ಯೋಗ’ವೆಂದರೆ ಪ್ರಯತ್ನ, ಸನ್ನಾಹ, ಮಹಾಭಾರತದ ಐದನೆಯ ಪರ್ವಕ್ಕೆ ಆ ಹೆಸರು ಬಂದುದು ಯುದ್ಧಸನ್ನಾಹದ ಅರ್ಥದಿಂದಲೇ. ಸಂಬಳದ ಹುದ್ದೆಯೆಂಬ ಅರ್ಥವು ಕನ್ನಡದಲ್ಲಿ ರೂಢವಾದುದು. ಹಳಗನ್ನಡದಲ್ಲಿ ಆ ಸ್ಥಾನವನ್ನು ತುಂಬುತ್ತಿದ್ದ ಮಾತು ‘ಓಲಗ’. ಅರಸನ ಸಭೆಯೂ ಓಲಗ, ಅರಸನ ಸೇವೆಯೂ ಓಲಗ, ಸೇವಿಸುವುದೆಂದರೆ ಓಲಗಿಸುವುದು. ‘ಚಾಕರಿ’, ‘ನೌಕರಿ’ ಎಂಬವು ಪಾರಸಿಯಿಂದ ಬಂದವು. ಇವೆಲ್ಲವುಗಳಲ್ಲಿಯೂ ಒಬ್ಬ ಒಡೆಯನೂ ಒಬ್ಬ ಆಳೂ ಮುಖಾಮುಖಿಯಾಗಿ ನಿಂತಿರುವರು. ಪ್ರಶ್ನಗ್ರಂಥಗಳು ಬಲ್ಲುದು ಈ ರಾಜಸೇವೆಯನ್ನು.

ಉತ್ತರವನ್ನು ನಿರ್ಣಯಿಸುವ ವಿಧಾನವನ್ನು ಪರೀಕ್ಷಿಸಿದರೆ ಇದು ಇನ್ನೂ ಸ್ಪಷ್ಟವಾಗುತ್ತದೆ. ಪ್ರಾಪ್ತಿಯ ಪ್ರಶ್ನಗಳಿಗೆ ವಿಶೇಷವಾಗಿ ಬಳಕೆಯಲ್ಲಿರುವುದು ತಾಜಿಕ ಪದ್ಧತಿ. ನೀಲಕಂಠನ ‘ತಾಜಿಕನೀಲಕಂಠೀ’ (ಕ್ರಿ. ಶ. ೧೫೮೭) ಇದರ ಪ್ರಸಿದ್ಧ ಗ್ರಂಥ, ‘ಪ್ರಶ್ನತಂತ್ರ’ವೂ ಅವನ ಹೆಸರಿನಲ್ಲಿಯೇ ಪ್ರಚಾರದಲ್ಲಿದೆ. ಲಗ್ನಾಧಿಪತಿಯು ಪೃಚ್ಛಕನು, ಕೇಳಿದ ವಿಷಯದ ಭಾವಾಧಿಪತಿಯು ಕಾರ್ಯೇಶನು. ಶೀಘ್ರಗತಿಯ ಗ್ರಹವು ಕಡಮೆ ಅಂಶದಲ್ಲಿದ್ದು ಮಂದಗತಿಯ ಗ್ರಹವನ್ನು ದೃಷ್ಟಿಯಿಂದ ಸಮೀಪಿಸುತ್ತಿದ್ದರೆ ‘ಇತ್ಥಶಾಲ’, ಕಾರ್ಯಸಿದ್ಧಿ; ದಾಟಿ ಹೋಗಿದ್ದರೆ ‘ಈಸರಾಫ’, ಕಾರ್ಯಹಾನಿ. ಒಂದು ಉದಾಹರಣೆ: ಮೇಷಲಗ್ನದಲ್ಲಿ ಪ್ರಶ್ನವಾಯಿತೆಂದು ಭಾವಿಸೋಣ. ಲಗ್ನಾಧಿಪತಿ ಕುಜ, ದಶಮವಾದ ಮಕರಕ್ಕೆ ಅಧಿಪತಿ ಶನಿ. ಕುಜನು ಮಿಥುನದ ೧೦ನೆಯ ಅಂಶದಲ್ಲಿಯೂ, ಶನಿಯು ಸಿಂಹದ ೧೪ನೆಯ ಅಂಶದಲ್ಲಿಯೂ ಇದ್ದರೆ ಅವರೊಳಗೆ ತೃತೀಯೈಕಾದಶ ದೃಷ್ಟಿಯುಂಟು. ಕುಜನ ದೀಪ್ತಾಂಶ ೮, ಶನಿಯದು ೯. ಇವುಗಳ ಸರಾಸರಿಯು ಎಂಟೂವರೆ. ಅಂತರವು ನಾಲ್ಕೇ ಅಂಶವಾದುದರಿಂದ ಇತ್ಥಶಾಲವು ಸಿದ್ಧ. ಈ ನಾಲ್ಕಂಶಗಳನ್ನೇ ರಾಶಿಯ ಚರಸ್ಥಿರಾದಿ ಸ್ವಭಾವಕ್ಕನುಸಾರವಾಗಿ ದಿನಗಳೆಂದೋ ತಿಂಗಳುಗಳೆಂದೋ ಎಣಿಸಿ ಕಾಲವನ್ನು ಹೇಳುವರು. ಕನ್ಯಾ ಮತ್ತು ಮೀನ ಲಗ್ನಗಳಲ್ಲಿ ಲಗ್ನ ದಶಮಗಳಿಗೆ ಅಧಿಪತಿಯು ಒಬ್ಬನೇ ಆದುದರಿಂದ, ಅಲ್ಲಿ ಚಂದ್ರನನ್ನು ಆಶ್ರಯಿಸಬೇಕಾಗುತ್ತದೆ.

ಈ ಪದ್ಧತಿಯ ಪರಿಭಾಷೆಯು ಅರಬ್ಬಿ ಮೂಲದ್ದೆಂಬುದು ವಿದ್ವಾಂಸರಿಗೆ ತಿಳಿದುದೇ. ಇತ್ಥಶಾಲವು ‘ಇತ್ತಿಸಾಲ್’, ಈಸರಾಫವು ‘ಇನ್ಸಿರಾಫ್’. ವಿಶೇಷವೇನೆಂದರೆ, ಈ ಮಾತುಗಳಲ್ಲಿ ಕೆಲವು ಬೇರೆ ದಾರಿಯಿಂದ ಕನ್ನಡನಾಡಿನ ಕಚೇರಿಗಳಿಗೂ ಬಂದಿವೆ. ಜ್ಯೋತಿಷಿಯ ‘ಕಂಬೂಲ’ವೂ ಕಚೇರಿಯ ‘ಕಬೂಲು’ ಎಂಬುದೂ ಮೂಲದಲ್ಲಿ ಒಂದೇ. ‘ರದ್ದ’ವೂ ‘ರದ್ದು’ ಎಂಬುದೂ ಒಂದೇ. ‘ನಕ್ತ’ವು ‘ನಕಲು’, ‘ಯಮಯ’ವು ‘ಜಮಾ’. ನಕ್ತಯೋಗದಲ್ಲಿ, ಒಬ್ಬರನ್ನೊಬ್ಬರು ನೋಡದ ಲಗ್ನೇಶ ಕಾರ್ಯೇಶರ ನಡುವೆ ಶೀಘ್ರಗತಿಯ ಮೂರನೆಯ ಗ್ರಹವು ಒಬ್ಬನ ತೇಜಸ್ಸನ್ನು ಇನ್ನೊಬ್ಬನಿಗೆ ಒಯ್ದು ಮುಟ್ಟಿಸುತ್ತದೆ. ಯಮಯದಲ್ಲಿ ಮಂದಗತಿಯ ಗ್ರಹವೊಂದು ಇಬ್ಬರನ್ನೂ ಕೂಡಿಸುತ್ತದೆ. ಒಡೆಯನ ಬಳಿಗೆ ಮಾತನ್ನು ಒಯ್ಯುವ ಮಧ್ಯಸ್ಥನೂ, ಇಬ್ಬರಿಗೂ ಬೇಕಾದ ಹಿರಿಯನೂ ಇಲ್ಲಿ ಗ್ರಹರೂಪವನ್ನು ತಾಳಿರುವರು. ಆಸ್ಥಾನವನ್ನು ಸೇರಬೇಕೆಂಬವನ ಲೋಕವನ್ನು ಈ ಹದಿನಾರು ಯೋಗಗಳು ಬಲು ಸೂಕ್ಷ್ಮವಾಗಿ ಚಿತ್ರಿಸುತ್ತವೆಯೆಂಬುದರಲ್ಲಿ ಸಂದೇಹವಿಲ್ಲ.

ಆದರೆ ಆ ಲೋಕವು ಈಗ ಇಲ್ಲ. ೧೮೫೫ರಲ್ಲಿ ಇಂಡಿಯನ್ ಸಿವಿಲ್ ಸರ್ವಿಸಿಗೆ ಬಹಿರಂಗ ಸ್ಪರ್ಧಾಪರೀಕ್ಷೆ ಆರಂಭವಾದಾಗಿನಿಂದ, ಅನುಗ್ರಹದಿಂದ ದೊರೆಯುತ್ತಿದ್ದ ಸ್ಥಾನವು ಕ್ರಮೇಣ ಅಂಕಗಳಿಂದಲೂ ನಿಯಮಗಳಿಂದಲೂ ದೊರೆಯುವ ಸ್ಥಾನವಾಗುತ್ತ ಬಂದಿತು. ಮೈಸೂರು ಸಂಸ್ಥಾನದಲ್ಲಿ ೧೯೧೮ರಲ್ಲಿ ಸರ್ ಲೆಸ್ಲಿ ಮಿಲ್ಲರ್ ಅವರ ಅಧ್ಯಕ್ಷತೆಯಲ್ಲಿ ನೇಮಕವಾದ ಸಮಿತಿಯು ಸರ್ಕಾರಿ ಸೇವೆಯಲ್ಲಿ ಹಿಂದುಳಿದ ಸಮುದಾಯಗಳಿಗೆ ತಕ್ಕ ಪ್ರಾತಿನಿಧ್ಯವು ದೊರೆಯುವ ಬಗೆಯನ್ನು ವಿಚಾರಿಸಿತು. ಯಾರಿಗೆ ಕೆಲಸ ಸಿಕ್ಕುವುದು, ಯಾರಿಗೆ ಸಿಕ್ಕುವುದಿಲ್ಲ ಎಂಬುದನ್ನು ಮನುಷ್ಯರು ಮಾಡಿದ ನಿಯಮಗಳು ಎಷ್ಟರಮಟ್ಟಿಗೆ ನಿರ್ಣಯಿಸುತ್ತವೆಂಬುದಕ್ಕೂ, ಆ ನಿಯಮಗಳನ್ನು ಮನುಷ್ಯರೇ ತಿದ್ದಬಹುದೆಂಬುದಕ್ಕೂ ಇದಕ್ಕಿಂತ ಹತ್ತಿರದ ನಿದರ್ಶನವು ಬೇಡ.

ಇಲ್ಲಿಯೇ ಪದ್ಧತಿಯ ಮೂಲಭೂತವಾದ ತೊಡಕು ಇದೆ. ಒಂದು ಹುದ್ದೆಗೆ ಸಾವಿರ ಮಂದಿ ಅರ್ಜಿಯನ್ನು ಹಾಕುವರು. ಕುಂಡಲಿಯಲ್ಲಿ ಪೃಚ್ಛಕನಿಗೂ ಒಡೆಯನಿಗೂ ಸ್ಥಾನವುಂಟು. ಉಳಿದ ಒಂಬೈನೂರ ತೊಂಬತ್ತೊಂಬತ್ತು ಮಂದಿಗೆ ಸ್ಥಾನವೆಲ್ಲಿ? ಲಗ್ನವು ಸುಮಾರು ಎರಡು ಗಂಟೆಗಳ ಕಾಲ ಒಂದೇ ರಾಶಿಯಲ್ಲಿರುವುದು. ಅದೇ ಹುದ್ದೆಯನ್ನು ಬಯಸುವ ಇಬ್ಬರು ಒಬ್ಬರ ಹಿಂದೆ ಒಬ್ಬರು ಬಂದು ಕೇಳಿದರೆ ಇಬ್ಬರಿಗೂ ಒಂದೇ ಲಗ್ನೇಶ, ಒಂದೇ ಕಾರ್ಯೇಶ, ಒಂದೇ ಇತ್ಥಶಾಲ. ಇಬ್ಬರಿಗೂ ‘ಸಿದ್ಧಿ’ಯನ್ನು ಹೇಳಿದರೆ ಒಬ್ಬನ ವಿಷಯದಲ್ಲಿ ಆ ಮಾತು ಸುಳ್ಳಾಗಲೇಬೇಕು.

ಈ ತೊಡಕನ್ನು ಶಾಸ್ತ್ರಜ್ಞರು ಅರಿಯದೆ ಇಲ್ಲ. ಕೇರಳ ಸಂಪ್ರದಾಯದಲ್ಲಿ ಉದಯಲಗ್ನದೊಡನೆ ಆರೂಢವನ್ನೂ ಹಿಡಿಯುವರು. ಪೃಚ್ಛಕನ ನಿಲುವು, ಅವನ ಮೊದಲ ಅಕ್ಷರ, ಅವನು ಮುಟ್ಟಿದ ಅಂಗ, ಎದುರಾದ ಶಕುನ ಇವೆಲ್ಲವೂ ಅಲ್ಲಿ ಪ್ರಮಾಣಗಳು. ಎಡಕ್ಕಾಡಿನ ನಂಬೂದಿರಿಯೊಬ್ಬರು ಕ್ರಿ. ಶ. ೧೬೪೯ರಲ್ಲಿ ರಚಿಸಿದ ೩೨ ಅಧ್ಯಾಯಗಳ ‘ಪ್ರಶ್ನಮಾರ್ಗ’ದಲ್ಲಿ ಈ ವಿಷಯವು ವಿಸ್ತಾರವಾಗಿ ಬಂದಿದೆ, ಕನ್ನಡನಾಡಿನ ಕರಾವಳಿಯ ದೇವಾಲಯಗಳಲ್ಲಿ ನಡೆಯುವ ಅಷ್ಟಮಂಗಲಪ್ರಶ್ನವೂ ಈ ಸಂಪ್ರದಾಯಕ್ಕೆ ಸೇರಿದುದೇ. ಇಪ್ಪತ್ತನೆಯ ಶತಮಾನದಲ್ಲಿ ಕೆ. ಎಸ್. ಕೃಷ್ಣಮೂರ್ತಿಯವರು (೧೯೦೮–೧೯೭೨) ರಾಶಿಚಕ್ರವನ್ನು ೨೪೯ ಭಾಗಗಳಾಗಿ ಮಾಡಿ, ಪೃಚ್ಛಕನು ಹೇಳಿದ ಸಂಖ್ಯೆಯಿಂದ ಲಗ್ನವನ್ನು ಗೊತ್ತುಮಾಡಿದರು. ಉದ್ಯೋಗಕ್ಕೆ ೨, ೬, ೧೦ನೆಯ ಭಾವಗಳನ್ನೂ, ಇಷ್ಟಸಿದ್ಧಿಗೆ ೧೧ನೆಯದನ್ನೂ ನೋಡಬೇಕೆಂಬುದು ಅವರ ಪದ್ಧತಿ. ಹಳೆಯ ಗ್ರಂಥಗಳಲ್ಲಿ ಶತ್ರು, ರೋಗ, ವ್ರಣಗಳ ಮನೆಯಾಗಿದ್ದ ಷಷ್ಠವು ಇಲ್ಲಿ ಸೇವೆಯ ಮನೆಯಾಗಿದೆ. ಅದು ಎದುರಾಳಿಯ ಸ್ಥಾನವಾದ ಸಪ್ತಮಕ್ಕೆ ವ್ಯಯವಾದುದರಿಂದ ಪ್ರತಿಸ್ಪರ್ಧಿಯ ಸೋಲನ್ನೂ ಸೂಚಿಸುವುದೆಂದು ಸಮರ್ಥನೆ. ಸ್ಪರ್ಧೆಯೆಂಬ ಹೊಸ ವಿಷಯಕ್ಕೆ ಹಳೆಯ ಚಕ್ರದಲ್ಲಿ ಎಡೆಯನ್ನು ಹುಡುಕಿದ ಈ ಪ್ರಯತ್ನವು ಮೆಚ್ಚತಕ್ಕುದೇ. ಆದರೂ ಸಪ್ತಮದಲ್ಲಿರುವವನು ಒಬ್ಬನೇ ಎದುರಾಳಿ. ಆರೂಢವಾಗಲಿ ಸಂಖ್ಯೆಯಾಗಲಿ ಕುಂಡಲಿಗಳನ್ನು ಬೇರೆ ಬೇರೆ ಮಾಡಬಲ್ಲುದೇ ಹೊರತು, ಸಾವಿರ ಕುಂಡಲಿಗಳಲ್ಲಿ ಒಂದರಲ್ಲಿ ಮಾತ್ರವೇ ಸಿದ್ಧಿಯು ಕಾಣುವಂತೆ ಮಾಡಲಾರದು. ಒಂದರ ಫಲಕ್ಕೂ ಮತ್ತೊಂದರ ಫಲಕ್ಕೂ ಯಾವ ಸಂಬಂಧವನ್ನೂ ಶಾಸ್ತ್ರವು ಹೇಳಿಲ್ಲ. ಹುದ್ದೆಯಾದರೋ ಒಂದೇ.

ಅನುಭವವೇ ಪ್ರಮಾಣವೆಂದು ಹೇಳುವವರೂ ಉಂಟು. ಅನುಭವವನ್ನು ಎಣಿಸಿ ನೋಡುವ ಕ್ರಮವೂ ಉಂಟೆಂಬುದನ್ನು ಅವರು ನೆನೆಯಬೇಕು. ಜಯಂತ ನಾರಳೀಕರರೂ ಅವರ ಸಂಗಡಿಗರೂ ಮಹಾರಾಷ್ಟ್ರದಲ್ಲಿ ನಡೆಸಿ ೨೦೦೯ರಲ್ಲಿ ಪ್ರಕಟಿಸಿದ ಪರೀಕ್ಷೆಯಲ್ಲಿ ೨೭ ಮಂದಿ ಜ್ಯೋತಿಷಿಗಳು ಜನ್ಮಕುಂಡಲಿಗಳಿಂದ ಬುದ್ಧಿವಂತರನ್ನೂ ಬುದ್ಧಿಮಾಂದ್ಯರನ್ನೂ ಬೇರ್ಪಡಿಸಲು ಯತ್ನಿಸಿದರು. ಸರಿಯಾದ ಉತ್ತರಗಳು ನೂರಕ್ಕೆ ೪೬. ನಾಣ್ಯವನ್ನು ಚಿಮ್ಮಿದರೂ ಇಷ್ಟು ದೊರೆಯುವುದು. ಆ ಪರೀಕ್ಷೆಯು ಜಾತಕವನ್ನು ಕುರಿತದ್ದು, ಪ್ರಶ್ನವನ್ನು ಕುರಿತದ್ದಲ್ಲವೆಂದು ಹೇಳುವುದು ನ್ಯಾಯವೇ. ಆದರೆ ಉದ್ಯೋಗಪ್ರಶ್ನವು ಇಂಥ ಪರೀಕ್ಷೆಗೆ ಇನ್ನೂ ಸುಲಭವಾಗಿ ಒಳಪಡತಕ್ಕುದು. ಆಯ್ಕೆಯ ಪಟ್ಟಿಯು ಪ್ರಕಟವಾದ ದಿನವೇ ಹೇಳಿದುದು ನಿಜವೋ ಅಲ್ಲವೋ ಗೊತ್ತಾಗುತ್ತದೆ. ದೈವಜ್ಞನು ತನ್ನ ಉತ್ತರಗಳನ್ನೆಲ್ಲ ಮೊದಲೇ ಬರೆದಿಟ್ಟು, ಸಫಲವಾದವುಗಳನ್ನೂ ವಿಫಲವಾದವುಗಳನ್ನೂ ಒಟ್ಟಿಗೆ ಲೆಕ್ಕಕ್ಕೆ ತಂದರೆ ಸಾಕು.

ಇಷ್ಟನ್ನು ಹೇಳಿದುದರಿಂದ ಪ್ರಶ್ನಸಾಹಿತ್ಯವನ್ನು ಬದಿಗೊತ್ತಬೇಕೆಂದು ತಾತ್ಪರ್ಯವಲ್ಲ. ನರಗುಂದದ ಶ್ರೀಧರಾಚಾರ್ಯನು ಕ್ರಿ. ಶ. ೧೦೪೯ರಲ್ಲಿ ‘ಜಾತಕತಿಲಕ’ವನ್ನು ಕನ್ನಡದಲ್ಲಿ ರಚಿಸಿದಂದಿನಿಂದ ಜ್ಯೋತಿಷವು ಕನ್ನಡ ಶಾಸ್ತ್ರಸಾಹಿತ್ಯದ ಒಂದು ಅಂಗವಾಗಿದೆ. ಜನರು ಯಾವುದಕ್ಕೆ ಹೆದರುತ್ತಿದ್ದರು, ಯಾರ ಅನುಗ್ರಹವನ್ನು ಕಾಯುತ್ತಿದ್ದರು, ಬದುಕನ್ನು ಯಾವ ಮಾತುಗಳಿಂದ ಅಳೆಯುತ್ತಿದ್ದರು ಎಂಬುದನ್ನು ತಿಳಿಯಲು ಇಂಥ ಗ್ರಂಥಗಳಿಗೆ ಸಮನಾದ ಆಕರಗಳು ವಿರಳ. ಅವುಗಳನ್ನು ಅವುಗಳ ಕಾಲದಲ್ಲಿಟ್ಟು ಓದುವುದೇ ಅವುಗಳಿಗೆ ತೋರಿಸುವ ಗೌರವ. ಕಾಲವನ್ನು ಮರೆತು, ಓಲಗದ ಶಾಸ್ತ್ರದಿಂದ ಸ್ಪರ್ಧೆಯ ಫಲವನ್ನು ಹೇಳಿದರೆ ಗ್ರಂಥಕ್ಕೂ ಅನ್ಯಾಯ, ಪೃಚ್ಛಕನಿಗೂ ಅನ್ಯಾಯ. ಪೃಚ್ಛಕನಿಗೆ ಆಗುವ ಹಾನಿಯೇ ಹೆಚ್ಚಿನದು. ಕೆಲಸವಿಲ್ಲದವನ ಕೈಯಲ್ಲಿ ಹಣವೂ ಕಡಮೆ, ಕಾಲವೂ ಕಡಮೆ. ಇತ್ಥಶಾಲದ ನಾಲ್ಕು ತಿಂಗಳನ್ನು ನಂಬಿ ಸುಮ್ಮನೆ ಕುಳಿತವನು ಇನ್ನೊಂದು ಅರ್ಜಿಯ ಕಡೆಯ ದಿನವನ್ನು ಕಳೆದುಕೊಳ್ಳುವನು. ಈಸರಾಫವನ್ನು ನಂಬಿದವನು ಪರೀಕ್ಷೆಗೆ ಹೋಗದೆಯೇ ಸೋಲುವನು. ಅಂಥವನಿಗೆ ‘ಉದ್ಯೋಗ’ ಎಂಬ ಮಾತಿನ ಮೂಲಾರ್ಥವನ್ನು ತಿಳಿಸುವುದು ಕುಂಡಲಿಯನ್ನು ಬರೆದುಕೊಡುವುದಕ್ಕಿಂತ ಹೆಚ್ಚಿನ ಉಪಕಾರವಾದೀತು.