ಡಿಮಾರ್ಕೊ ಹಿಂತೆಗೆದುಕೊಂಡ ಮಾತು

ಅಮೆರಿಕದ ಸಾಫ್ಟ್‌ವೇರ್ ತಜ್ಞ ಟಾಮ್ ಡಿಮಾರ್ಕೊ 1982ರಲ್ಲಿ ಸಾಫ್ಟ್‌ವೇರ್ ಪ್ರಾಜೆಕ್ಟುಗಳ ಹತೋಟಿಯ ಬಗ್ಗೆ ಪುಸ್ತಕ ಬರೆದರು. ಅಳತೆಯಿಲ್ಲದೆ ಹತೋಟಿಯಿಲ್ಲ ಎಂಬುದು ಅದರ ಮೂಲ ವಾದ. 2009ರಲ್ಲಿ ‘ಐಇಇಇ ಸಾಫ್ಟ್‌ವೇರ್’ ಪತ್ರಿಕೆಗೆ ಬರೆದ ಪುಟ್ಟ ಲೇಖನದಲ್ಲಿ ಅವರೇ ಆ ವಾದವನ್ನು ಬಹುಮಟ್ಟಿಗೆ ಹಿಂತೆಗೆದುಕೊಂಡರು. ಅಂದಿನಿಂದ ಅಳತೆ ಬೇಡವೆನ್ನುವವರೆಲ್ಲ ಈ ಲೇಖನವನ್ನೇ ಮುಂದೊಡ್ಡುತ್ತಾರೆ. ತನ್ನ ಮಾತನ್ನು ತಾನೇ ತಿದ್ದಿಕೊಳ್ಳುವುದು ದೊಡ್ಡತನ, ನಿಜ. ಆದರೆ ಲೇಖನಕ್ಕೆ ಸಿಕ್ಕಿರುವ ಮನ್ನಣೆ ಅದರ ತರ್ಕಕ್ಕಿರುವ ಬಲಕ್ಕಿಂತ ಬಹಳ ಹೆಚ್ಚು.

ಲೇಖನವೆಲ್ಲ ನಿಂತಿರುವುದು ಒಂದು ಉದಾಹರಣೆಯ ಮೇಲೆ. ಎರಡು ಪ್ರಾಜೆಕ್ಟುಗಳಿವೆ, ಎರಡಕ್ಕೂ ಸುಮಾರು 10 ಲಕ್ಷ ಡಾಲರ್ ಖರ್ಚು. ಮೊದಲನೆಯದರಿಂದ ಬರುವುದು 11 ಲಕ್ಷ, ಎರಡನೆಯದರಿಂದ 5 ಕೋಟಿ. ಬಿಗಿ ಹತೋಟಿ ಬೇಕಿರುವುದು ಮೊದಲನೆಯದಕ್ಕೆ. ಎರಡನೆಯದರಲ್ಲಿ ಖರ್ಚು ಒಂದಿಷ್ಟು ಹೆಚ್ಚಾದರೂ ಚಿಂತೆಯಿಲ್ಲ. ಹಾಗಾಗಿ ಹತೋಟಿಯ ಮೇಲೆ ಕಣ್ಣಿಡುವವರು ಅಲ್ಪಲಾಭದ ಕೆಲಸವನ್ನೇ ಆರಿಸಿಕೊಂಡಿದ್ದಾರೆ ಎಂಬುದು ಡಿಮಾರ್ಕೊ ಅವರ ತೀರ್ಮಾನ.

ಓದುವಾಗ ಒಪ್ಪಿಸಿಬಿಡುವ ಉದಾಹರಣೆ ಇದು. ಆದರೆ ಆ 5 ಕೋಟಿ ಬರುತ್ತದೆಂದು ಕೆಲಸ ಶುರುವಾಗುವ ಮೊದಲೇ ಗೊತ್ತಾಗುವುದು ಹೇಗೆ? ಅದೂ ಒಂದು ಅಂದಾಜೇ, ಖರ್ಚಿನ ಅಂದಾಜಿಗಿಂತ ಇನ್ನೂ ಸಡಿಲವಾದದ್ದು. ಅಳತೆಯನ್ನು ಬದಿಗಿಡಲು ಹೊರಟ ವಾದ ಅತ್ಯಂತ ದುರ್ಬಲವಾದ ಅಳತೆಯನ್ನೇ ಆಧಾರ ಮಾಡಿಕೊಂಡಿದೆ. ಇನ್ನೂ ದೊಡ್ಡ ಕೊರತೆಯೆಂದರೆ, ಉದಾಹರಣೆಯಲ್ಲಿ ಹಣವಿದೆ, ಗುಣಮಟ್ಟವೇ ಇಲ್ಲ. ಬ್ಯಾಂಕಿನ ಲೆಕ್ಕ, ಆಸ್ಪತ್ರೆಯ ಯಂತ್ರ, ರೈಲಿನ ಸಿಗ್ನಲ್ ನಡೆಸುವ ಕೋಡನ್ನು ಲಾಭದ ಪಟ್ಟಿಯಲ್ಲಿ ಎಲ್ಲಿ ಇಡುತ್ತೀರಿ? ಅಲ್ಲಿ ಬಗ್ ಎಷ್ಟು, ಯಾವ ಹಂತದಲ್ಲಿ ನುಸುಳಿತು, ಯಾರ ಕಣ್ಣಿಗೂ ಬೀಳದೆ ಎಲ್ಲಿಯವರೆಗೆ ಹೋಯಿತು ಎಂದು ಎಣಿಸಲೇಬೇಕು.

ಡಿಮಾರ್ಕೊ ಪರ ನಿಲ್ಲುವವರು ಬೆಂಗಳೂರಿನ ಕಡೆ ಬೆರಳು ತೋರಿಸುತ್ತಾರೆ. 1990ರ ದಶಕದ ಕೊನೆಗೆ ವಿಪ್ರೊ, ಇನ್ಫೊಸಿಸ್ ಕಂಪನಿಗಳು ಸಾಫ್ಟ್‌ವೇರ್ ತಯಾರಿಕೆಯ ಶಿಸ್ತನ್ನು ಅಳೆಯುವ ಸಿಎಂಎಂ ಮಾನದಂಡದ ಅತ್ಯುನ್ನತವಾದ ಐದನೇ ಹಂತ ಮುಟ್ಟಿದವು. ನೋಡನೋಡುತ್ತ ಆ ಹಂತ ಟೆಂಡರ್ ಗೆಲ್ಲುವ ಅರ್ಹತೆಯಾಯಿತು. ಎಂಜಿನಿಯರುಗಳು ಆಡಿಟ್‌ಗಾಗಿ ಶೀಟು ತುಂಬಿಸುತ್ತ ಕೂತರು ಎನ್ನುತ್ತಾರೆ. ದೂರಿನಲ್ಲಿ ಸತ್ಯವಿದೆ. ಸಾವಿರ ಸಾಲಿಗೆ ಎಷ್ಟು ಬಗ್ ಎಂಬ ಲೆಕ್ಕವನ್ನೇ ತೆಗೆದುಕೊಳ್ಳಿ. ಹತ್ತು ಸಾವಿರ ಸಾಲಿನಲ್ಲಿ 20 ಬಗ್ ಇದ್ದರೆ ಸಾವಿರಕ್ಕೆ 2. ಒಬ್ಬ ಒಳ್ಳೆಯ ಪ್ರೋಗ್ರಾಮರ್ ಅದೇ ಕೆಲಸವನ್ನು ಐದು ಸಾವಿರ ಸಾಲಿಗೆ ಇಳಿಸಿ, ಐದು ಬಗ್ ಕೂಡ ತೆಗೆದನೆನ್ನಿ. ಲೆಕ್ಕ 3ಕ್ಕೆ ಏರುತ್ತದೆ! ಕೋಡು ಸುಧಾರಿಸಿದೆ, ವರದಿಯಲ್ಲಿ ಅವನು ಹಿಂದೆ ಬಿದ್ದಿದ್ದಾನೆ. ಆದರೆ ಇದು ಯಾವ ಪ್ರಶ್ನೆಗೆ ಉತ್ತರ ಬೇಕೆಂದು ಕೇಳಿಕೊಳ್ಳದೆ ಅಳೆದವರ ತಪ್ಪು. ಇದನ್ನು ಅಳತೆಯ ತಪ್ಪೆಂದು ಸಾರುವ ವಿಮರ್ಶಕರು ಎರಡನ್ನೂ ಬೇರೆ ಮಾಡಿ ನೋಡುವ ಕಷ್ಟ ತೆಗೆದುಕೊಂಡಿಲ್ಲ.

ಆ ಕಷ್ಟ ತೆಗೆದುಕೊಂಡವರು ಸಂಶೋಧಕ ವಿಕ್ಟರ್ ಬಸಿಲಿ. ನಾಸಾದ ಗೊಡಾರ್ಡ್ ಕೇಂದ್ರದಲ್ಲಿ 1976ರಲ್ಲಿ ಶುರುವಾದ ಸಾಫ್ಟ್‌ವೇರ್ ಪ್ರಯೋಗಶಾಲೆಯ ಕೆಲಸದಿಂದ ಅವರೂ ಡೇವಿಡ್ ವೈಸ್ ಅವರೂ ರೂಪಿಸಿದ ಕ್ರಮ ಸರಳ: ಮೊದಲು ಗುರಿ, ಆಮೇಲೆ ಪ್ರಶ್ನೆ, ಕೊನೆಗೆ ಅಳತೆ. ಯಾವ ಪ್ರಶ್ನೆಗೂ ಉತ್ತರವಾಗದ ಅಂಕಿಯನ್ನು ಕಲೆಹಾಕುವುದೇ ಬೇಡ. ನಮ್ಮ ಕಂಪನಿಗಳು ಮಾಡಿದ್ದು ಇದರ ತಿರುವುಮುರುವು: ಅಂಕಿ ಮೊದಲು, ಪ್ರಶ್ನೆ ಯಾವತ್ತೂ ಇಲ್ಲ.

ಡಿಮಾರ್ಕೊ ಲೇಖನವನ್ನು ತಂಡದವರಿಗೆಲ್ಲ ಕಳಿಸುವ ಮ್ಯಾನೇಜರುಗಳಲ್ಲಿ ಒಂದು ಕೋರಿಕೆ: ಬಸಿಲಿ ಮತ್ತು ವೈಸ್ 1984ರಲ್ಲಿ ಪ್ರಕಟಿಸಿದ ಪ್ರಬಂಧವನ್ನೂ ಜೊತೆಗೆ ಕಳಿಸಿ.