ಮುಖ, ಹೆಸರು, ಮಾತು
ಛಾಯಾಗ್ರಾಹಕ ಬ್ರಯಾನ್ ಲ್ಯಾಂಕರ್ 1989ರಲ್ಲಿ ಹೊರತಂದ ‘ಐ ಡ್ರೀಮ್ ಎ ವರ್ಲ್ಡ್’ ಗ್ರಂಥದಲ್ಲಿ 75 ಆಫ್ರಿಕನ್-ಅಮೆರಿಕನ್ ಮಹಿಳೆಯರ ಭಾವಚಿತ್ರಗಳಿವೆ. ಬಸ್ಸಿನ ಆಸನ ಬಿಟ್ಟುಕೊಡದ ರೋಸಾ ಪಾರ್ಕ್ಸ್, ಮತಾಧಿಕಾರಕ್ಕಾಗಿ ವಯಸ್ಕರಿಗೆ ಅಕ್ಷರ ಕಲಿಸಿದ ಸೆಪ್ಟಿಮಾ ಕ್ಲಾರ್ಕ್ ಇವರಲ್ಲಿದ್ದಾರೆ. ಪ್ರತಿಯೊಬ್ಬರ ಚಿತ್ರದೊಡನೆ ಅವರ ಹೆಸರೂ ಅವರದೇ ಮಾತೂ ಇರುವುದು ಕೃತಿಯ ಹಿರಿಮೆ.

ಆದರೆ ಕಲಬುರಗಿ ಸೀಮೆಯಿಂದ ನೋಡುವಾಗ ಒಂದು ಪ್ರಶ್ನೆ ಏಳುತ್ತದೆ. ಸಾಧನೆಯೊಂದೇ ಚಿತ್ರಕ್ಕೆ ಅರ್ಹತೆಯಾದರೆ, ಆಳಂದ, ಅಫಜಲಪುರ, ಜೇವರ್ಗಿಯ ಹೊಲಗಳಲ್ಲಿ ತೊಗರಿ ಕೊಯ್ಯುವ, ಹತ್ತಿ ಬಿಡಿಸುವ ತಾಯಂದಿರು ಚೌಕಟ್ಟಿನ ಹೊರಗೇ ಉಳಿಯುತ್ತಾರೆ. ಆದಿಕಾಂಡ 1:27ರ ಬೆಳಕಿನಲ್ಲಿ ದೇವಸ್ವರೂಪವು ಸಾಧನೆಯ ಬಹುಮಾನವಲ್ಲ. ಸೃಷ್ಟಿಯಲ್ಲೇ ದೊರೆತ ವರ. ಅಂತಹ ತಾಯಂದಿರ ಹೆಸರನ್ನು ಬರೆದಿಟ್ಟು, ಅವರ ಮಾತಿಗೆ ಕಿವಿಗೊಡುವ ಹೊಣೆ ನಮ್ಮ ಸಭೆಗಳದಲ್ಲವೇ?