ಕುದುರೆಗಾಗಿ ಕರಾವಳಿ

ಕೃಷ್ಣಾ ಭೀಮಾ ನದಿಗಳ ನಡುವೆ ಹಬ್ಬಿರುವ ಜತ್ತದ ಬಯಲುಸೀಮೆ ಕಡಲಿಗೆ ಎಷ್ಟು ದೂರವಿದ್ದರೂ, ಹದಿನಾರನೆಯ ಶತಮಾನದಲ್ಲಿ ಅರಬೀ ಸಮುದ್ರದ ಬಂದರುಗಳಲ್ಲಿ ನಡೆದ ಸುಂಕದ ವ್ಯವಹಾರಕ್ಕೆ ಹೊರತಾಗಿರಲಿಲ್ಲ. ಆ ಕಾಲದಲ್ಲಿ ಈ ಸೀಮೆ ವಿಜಾಪುರದ ಆದಿಲಶಾಹಿಗೆ ಸೇರಿತ್ತು. ಆದಿಲಶಾಹಿಯ ಬಲವೋ ಬಹುಮಟ್ಟಿಗೆ ಅಶ್ವಬಲ. ಆ ಬಲವನ್ನು ಬಂದರಿನ ಬಾಗಿಲಲ್ಲಿಯೇ ತಡೆಯಬೇಕೆಂಬ ಸಂಕಲ್ಪದಿಂದ, 1547ನೆಯ ಸೆಪ್ಟೆಂಬರ್ 19ರಂದು ವಿಜಯನಗರವು ಗೋವೆಯ ಪೋರ್ತುಗೀಜ ಗವರ್ನರ್ ಜೊವಾಂವ್ ದ ಕಾಸ್ತ್ರೊನೊಡನೆ ಒಂದು ಕರಾರನ್ನು ಮಾಡಿಕೊಂಡಿತು. ಸಿಂಹಾಸನದಲ್ಲಿದ್ದವನು ಸದಾಶಿವರಾಯ, ಅಧಿಕಾರ ನಡೆಸುತ್ತಿದ್ದವನು ಅಳಿಯ ರಾಮರಾಯ. ವಿಜಯನಗರದ ಹೆಸರಿಗೆ ಕನ್ನಡಿಗನ ಎದೆ ಇಂದಿಗೂ ಉಬ್ಬುವುದು ಸಹಜವೇ ಆದರೂ, ಆ ಕರಾರು ಯಾವ ನೆಲವನ್ನು ಗುರಿಯಾಗಿಟ್ಟುಕೊಂಡಿತ್ತೋ ಆ ನೆಲದಲ್ಲಿಯೂ ಕನ್ನಡವನ್ನೇ ಆಡುವ ಜನರಿದ್ದುದರಿಂದ, ಅಭಿಮಾನವನ್ನು ತುಸು ಬದಿಗಿರಿಸಿ ಅದರ ಗುಣದೋಷಗಳನ್ನು ತೂಗಿನೋಡುವುದು ನಮಗೆ ಸಲ್ಲುವ ಕೆಲಸವಾಗಿದೆ.

ಕುದುರೆಯ ಹಂಬಲವು ರಾಮರಾಯನ ಕಾಲದಲ್ಲಿ ಹುಟ್ಟಿದುದಲ್ಲ. ಅವನಿಗಿಂತ ಮೊದಲೇ ವಿಜಯನಗರವನ್ನಾಳಿದ ಸಾಳುವ ನರಸಿಂಹನು ಹೋರ್ಮುಜ್ ಮತ್ತು ಏಡನ್ ಬಂದರುಗಳಿಂದ ಕುದುರೆಗಳನ್ನು ತರಿಸುವಾಗ ವರ್ತಕರು ಕೇಳಿದ ಬೆಲೆಯನ್ನೇ ಕೊಡುತ್ತಿದ್ದನೆಂದೂ, ಹಾದಿಯಲ್ಲಿ ಸತ್ತ ಕುದುರೆಯ ಬಾಲವನ್ನು ತಂದು ತೋರಿಸಿದರೆ ಅದಕ್ಕೂ ಹಣ ಸಲ್ಲುತ್ತಿತ್ತೆಂದೂ ಪೋರ್ತುಗೀಜ ಪ್ರವಾಸಿ ನೂನಿಜ್ ಬರೆದಿದ್ದಾನೆ. ವರ್ಷಕ್ಕೆ 13,000 ಕುದುರೆಗಳನ್ನು ವಿಜಯನಗರದ ಅರಸು ಕೊಳ್ಳುತ್ತಿದ್ದನೆಂಬುದೂ ಅವನ ಮಾತೇ. ಲೆಕ್ಕದಲ್ಲಿ ಅತಿಶಯೋಕ್ತಿಯಿದ್ದರೂ ಇರಲಿ. ಸಮುದ್ರಯಾನದ ನಷ್ಟವನ್ನು ಅರಸು ತಾನೇ ಹೊತ್ತು ವರ್ತಕನಿಗೆ ನಿರ್ಭಯವನ್ನು ಒದಗಿಸಿದ ಆ ನೀತಿಯಲ್ಲಿ ಔದಾರ್ಯದ ಜೊತೆಗೆ ಗಾಢವಾದ ವ್ಯವಹಾರಜ್ಞಾನವೂ ಉಂಟು.

ಪೋರ್ತುಗೀಜರು 1510ರಲ್ಲಿ ಗೋವೆಯನ್ನೂ 1515ರಲ್ಲಿ ಹೋರ್ಮುಜನ್ನೂ ವಶಪಡಿಸಿಕೊಂಡ ಮೇಲೆ ಈ ವ್ಯಾಪಾರದ ಸ್ವರೂಪವೇ ಬದಲಾಯಿತು. ಕುದುರೆ ಏರುವ ಬಂದರೂ ಇಳಿಯುವ ಬಂದರೂ ಒಬ್ಬನೇ ಒಡೆಯನ ಕೈಸೇರಿದವು. ಕುದುರೆ ತರುವ ಹಡಗುಗಳೆಲ್ಲ ಗೋವೆಗೇ ಬರಬೇಕೆಂದು ಪೋರ್ತುಗೀಜ ಗವರ್ನರ್ ಆಲ್ಬುಕರ್ಕ್ ಕಟ್ಟಳೆ ಮಾಡಿದುದರಿಂದ ಭಟ್ಕಳದ ಹಳೆಯ ಅಶ್ವವ್ಯಾಪಾರ ಕುಗ್ಗಿತು. ಒಂದೊಂದು ಕುದುರೆಯ ಮೇಲೂ 40 ಪರ್ದಾವ್, ಎಂದರೆ ಸುಮಾರು ಅಷ್ಟೇ ವರಹ, ಸುಂಕ ಬಿತ್ತು. ಇದರ ಮೇಲೆ ‘ಕಾರ್ತಾಜ್’ ಎಂಬ ಪರವಾನಗಿಯ ಪದ್ಧತಿ ಬೇರೆ. ಆ ಪತ್ರದ ಶುಲ್ಕ ಅಲ್ಪವೇ. ಆದರೆ ಪತ್ರ ಪಡೆದ ಹಡಗು ಪೋರ್ತುಗೀಜರ ಬಂದರಿಗೆ ಬಂದು ಸುಂಕ ತೆರಬೇಕಾಗಿತ್ತು, ಪತ್ರವಿಲ್ಲದ ಹಡಗು ಸರಕುಸಹಿತ ಮುಟ್ಟುಗೋಲಾಗುತ್ತಿತ್ತು. ಯಾರ ಸ್ವತ್ತೂ ಅಲ್ಲದ ಸಮುದ್ರವು ಹೀಗೆ ಸುಂಕದಕಟ್ಟೆಯಾಗಿ ಪರಿಣಮಿಸಿತು.

ಇಂತಹ ಪ್ರತಿಪಕ್ಷದೊಡನೆ ವಿಜಯನಗರವು ಒಪ್ಪಿಕೊಂಡ ನಿಬಂಧನೆಗಳನ್ನು ನೋಡೋಣ. ಗೋವೆಗೆ ಬರುವ ಅರಬೀ ಪಾರಸೀ ಕುದುರೆಗಳನ್ನು ಬೆಲೆಕೊಟ್ಟು ಕೊಳ್ಳುವ ಹಕ್ಕು ವಿಜಯನಗರಕ್ಕೆ. ವಿಜಾಪುರಕ್ಕೆ ಒಂದು ಕುದುರೆಯೂ ಹೋಗಕೂಡದು. ಪ್ರತಿಯಾಗಿ ರಾಜ್ಯದ ಕಬ್ಬಿಣ, ಪೆಟ್ಲುಪ್ಪು, ಬಟ್ಟೆಗಳು ಆದಿಲಶಾಹಿಯ ಬಂದರುಗಳಿಗೆ ಹೋಗದೆ ಅಂಕೋಲೆ ಹೊನ್ನಾವರಗಳ ಮೂಲಕ ಪೋರ್ತುಗೀಜರನ್ನೇ ಸೇರಬೇಕು. ಅಲ್ಲಿ ತಾಮ್ರ, ಹವಳ, ಇಂಗುಲಿಕ, ಪಾದರಸ, ಚೀನದ ರೇಷ್ಮೆಗಳು ದೊರೆಯುವುವು. ಮುಸಲ್ಮಾನ ವರ್ತಕರ ಹಡಗುಗಳಿಗೆ ವಿಜಯನಗರದ ಬಂದರುಗಳಲ್ಲಿ ಆಶ್ರಯವಿಲ್ಲ. ಕೊನೆಯದಾಗಿ, ಆದಿಲಶಾಹನಿಂದ ಗೆದ್ದ ನೆಲವೆಲ್ಲ ವಿಜಯನಗರದ್ದು; ಆದರೆ ಉತ್ತರದಲ್ಲಿ ಬಾಂದಾದ ನದಿಯಿಂದ ದಕ್ಷಿಣದಲ್ಲಿ ಚಿತ್ತಾಕುಲದ ನದಿಯವರೆಗೆ, ಘಟ್ಟದಿಂದ ಕಡಲಿನವರೆಗಿನ ಭೂಮಿ ಪೋರ್ತುಗೀಜರದು.

ಇದನ್ನು ಅಳೆಯಲು ಹೊರಗಿನ ಮಾನದಂಡ ಬೇಕಾಗಿಲ್ಲ. ಕೃಷ್ಣದೇವರಾಯನ ತೆಲುಗು ಕಾವ್ಯ ‘ಆಮುಕ್ತಮಾಲ್ಯದ’ದ ರಾಜನೀತಿಭಾಗವು ಬಂದರುಗಳನ್ನು ಚೆನ್ನಾಗಿ ಪಾಲಿಸಬೇಕೆಂದೂ, ಆನೆ ಕುದುರೆಗಳನ್ನು ತರುವ ದೂರದೇಶದ ವರ್ತಕರಿಗೆ ದರ್ಶನ, ಉಡುಗೊರೆ, ಒಳ್ಳೆಯ ಲಾಭಗಳನ್ನಿತ್ತು ಆ ಸರಕು ಶತ್ರುಗಳ ಪಾಲಾಗದಂತೆ ನೋಡಿಕೊಳ್ಳಬೇಕೆಂದೂ ಬೋಧಿಸುತ್ತದೆ. ಗುರಿ ಎರಡೆಡೆಯಲ್ಲೂ ಒಂದೇ. ಮಾರ್ಗ ಮಾತ್ರ ಪರಸ್ಪರ ವಿರುದ್ಧ. ರಾಯನ ನೀತಿಯು ಅನೇಕ ವರ್ತಕರನ್ನು ಲಾಭದಿಂದ ಒಲಿಸಿಕೊಳ್ಳುವುದು. 1547ರ ಕರಾರು ಅನೇಕರನ್ನು ಹೊರದೂಡಿ ಒಬ್ಬನ ಮಾತಿಗೆ ಕಟ್ಟುಬೀಳುವುದು. ಮಾರುವವನು ಒಬ್ಬನೇ ಉಳಿದಾಗ ಬೆಲೆಯೂ ಅವನದು, ಸುಂಕವೂ ಅವನದು. ಪೆಟ್ಲುಪ್ಪಿಗೂ ಕಬ್ಬಿಣಕ್ಕೂ ನಿಶ್ಚಿತವಾದ ಗಿರಾಕಿ ದೊರೆತನೆಂಬ ಒಂದು ಗುಣವನ್ನು ಒಪ್ಪಬೇಕು. ಆದರೆ ಮದ್ದುಗುಂಡಿನ ಮೂಲದ್ರವ್ಯವನ್ನೇ ಕಡಲಿನ ಒಡೆತನ ಬಯಸುವವನಿಗೆ ಮೀಸಲಿಡುವುದು ಎಂತಹ ದೂರದೃಷ್ಟಿ? ಎಲ್ಲಕ್ಕಿಂತ ಶೋಚನೀಯವಾದುದು ಕೊನೆಯ ನಿಬಂಧನೆ. ಇನ್ನೂ ಗೆಲ್ಲದ ಭೂಮಿಯನ್ನು ಹಂಚಿಕೊಳ್ಳುವಾಗಲೂ ರಾಮರಾಯನ ಮಂತ್ರಾಲೋಚನೆ ಘಟ್ಟದ ಮೇಲಿನ ಹೊಲಗದ್ದೆಯನ್ನು ಆರಿಸಿಕೊಂಡು ಕಡಲಂಚನ್ನು ಬಿಟ್ಟುಕೊಟ್ಟಿತು.

ಫಲವೇನಾಯಿತು? 1548ರಲ್ಲಿ ಕಾಸ್ತ್ರೊ ತೀರಿಕೊಂಡನು. ಅದೇ ವರ್ಷ ಮುಂದಿನ ಗವರ್ನರ್ ಗಾರ್ಸಿಯಾ ದ ಸಾ ವಿಜಾಪುರದೊಡನೆಯೇ ಸಂಧಿ ಮಾಡಿಕೊಂಡನು. ವಿಜಾಪುರಕ್ಕೆ ದಾಭೋಳದಂತಹ ಸ್ವಂತ ಬಂದರು ಇದ್ದೇ ಇತ್ತು. 1565ರಲ್ಲಿ ಕೃಷ್ಣೆಯ ದಡದ ಯುದ್ಧದಲ್ಲಿ ರಾಮರಾಯನು ಮಡಿದನು. ಮೂರು ವರ್ಷ ಕಳೆಯುತ್ತಲೇ ಪೋರ್ತುಗೀಜರು ಮಂಗಳೂರನ್ನೂ, 1569ರಲ್ಲಿ ಹೊನ್ನಾವರ ಬಸರೂರುಗಳನ್ನೂ ಹಿಡಿದರು. ಯಾವ ಹೊನ್ನಾವರದ ಮೂಲಕ ಸರಕು ಕಳುಹಿಸಲು ಒಪ್ಪಿದ್ದರೋ ಆ ಹೊನ್ನಾವರವೇ ಗಿರಾಕಿಯ ಕೋಟೆಯಾಯಿತು. ಆದರೆ ದೊಡ್ಡ ಕೊಳ್ಳುವವನೇ ಅಳಿದಮೇಲೆ ಗೋವೆಯ ಕುದುರೆಯ ಸುಂಕವೂ ಸೊರಗಿತೆಂಬುದನ್ನು ಮರೆಯಬಾರದು. ನೆರೆಯವನ ಸಮೃದ್ಧಿಯನ್ನು ಉಣ್ಣುವ ಸುಂಕ ಆ ಸಮೃದ್ಧಿಯೊಡನೆಯೇ ನಾಶವಾಗುವುದು.

ಇತ್ತ ಜತ್ತದಲ್ಲಿ ಕುದುರೆ ಓಡುವುದು ನಿಲ್ಲಲಿಲ್ಲ. ಆದಿಲಶಾಹಿಯ ಕೊನೆಗಾಲದಲ್ಲಿ ಡಫಳಾಪುರದ ಪಾಟೀಲ ಮನೆತನ ಈ ಸೀಮೆಯ ದೇಶಮುಖಿಯನ್ನು ಪಡೆದು, ಮುಂದೆ ಜತ್ತದ ಸಂಸ್ಥಾನವನ್ನು ಆಳಿತು. ಬ್ರಿಟಿಷರ ಕಾಲಕ್ಕೆ ಸಂಸ್ಥಾನವು ಒಪ್ಪಿಸಬೇಕಾಗಿದ್ದ ಕುದುರೆಪಡೆಗೆ ಬದಲಾಗಿ ವರ್ಷಕ್ಕೆ 6,400 ರೂಪಾಯಿ ಸಲ್ಲಿಸುತ್ತಿತ್ತು. ಯಾವ ಪ್ರಾಣಿಯನ್ನು ಈ ಕಡೆ ಬರಗೊಡದಿರಲು ಒಂದು ಸಾಮ್ರಾಜ್ಯ ತನ್ನ ಬಂದರುಗಳನ್ನೇ ಪಣವಾಗಿ ಒಡ್ಡಿತೋ, ಅದರ ಸೇವೆಯನ್ನು ಕಡಲಿನಿಂದ ಬಂದ ಇನ್ನೊಂದು ಶಕ್ತಿ ನಗದಿಗೆ ಇಳಿಸಿಕೊಂಡಿತು.

ವ್ಯಾಪಾರದ ಕಟ್ಟಳೆಯನ್ನು ಪರೀಕ್ಷಿಸುವವನು ಅದರಿಂದ ಶತ್ರುವಿಗೆಷ್ಟು ಹಾನಿಯೆಂದು ಕೇಳುವ ಮೊದಲು, ತನ್ನ ನೇಕಾರನಿಗೆ, ಕಮ್ಮಾರನಿಗೆ, ಬಂದರಿನ ಸೆಟ್ಟಿಗೆ ಎಷ್ಟು ಬಾಗಿಲು ತೆರೆಯಿತೆಂದು ಕೇಳಬೇಕು. ಈ ಪ್ರಶ್ನೆಗೆ 1547ರ ಕರಾರು ಉತ್ತರ ಕೊಡಲಾರದು. ದ್ವೇಷದಿಂದ ಹುಟ್ಟಿದ ಆ ನೀತಿ ಘಟ್ಟದ ಮೇಲಿನ ಎರಡು ರಾಜ್ಯಗಳನ್ನೂ ಕಡಲಿನ ಮುಂದೆ ದುರ್ಬಲಗೊಳಿಸಿತೆಂಬುದೇ ಅದರ ಮೇಲೆ ನಾವು ಕೊಡಬೇಕಾದ ತೀರ್ಪು.